ಹಿಟ್ಟಿನಲ್ಲಿ ಮೂಡಿದ ಹಸ್ತ

ಮಗುವಿನ ಅಂಗೈಯನ್ನು ಅಚ್ಚೊತ್ತಿಸಿ, ಅದನ್ನು ನೆನಪಿನ ವಸ್ತುವಾಗಿ ಮನೆಯಲ್ಲಿಟ್ಟುಕೊಳ್ಳುವ ಪದ್ಧತಿಯೊಂದು ಈಚಿನ ವರ್ಷಗಳಲ್ಲಿ ನಮ್ಮ ಮುಂಬಯಿ ನಗರದಲ್ಲಿ ಬಳಕೆಗೆ ಬಂದಿದೆ. ದೊಡ್ಡ ಅಂಗಡಿಗಳಲ್ಲಿ ಇದಕ್ಕೆಂದೇ ಸಿದ್ಧಪಡಿಸಿದ ಪೆಟ್ಟಿಗೆಗಳು ದೊರೆಯುತ್ತವೆ. ಒಳಗೆ ಬಿಳಿಯ ಜೇಡಿಮಣ್ಣೋ ಪ್ಲಾಸ್ಟರಿನ ಪುಡಿಯೋ ಇರುತ್ತದೆ. ಜೊತೆಗೊಂದು ಗಾಜಿನ ಚೌಕಟ್ಟು. ಹಣವುಳ್ಳವರು ಕೊಳ್ಳುತ್ತಾರೆ, ಗೋಡೆಗೆ ತೂಗುಹಾಕುತ್ತಾರೆ. ಅದೇ ಕೆಲಸವನ್ನು ಅಡಿಗೆಮನೆಯ ಹಿಟ್ಟು, ಉಪ್ಪು, ನೀರು ಈ ಮೂರರಿಂದಲೇ ಮಾಡಬಹುದೆಂಬುದು ವಿದ್ಯಾರ್ಥಿಗಳಾದ ನಿಮ್ಮಲ್ಲಿ ಹಲವರಿಗೆ ತಿಳಿದಿದೆ. ನಮ್ಮ ಶಾಲೆಯ ಕೈಗೆಲಸದ ತರಗತಿಯಲ್ಲಿ ಕೆಲವರು ಮಾಡಿಯೂ ಇದ್ದೀರಿ.

ಇಷ್ಟು ಸಣ್ಣ ವಿಷಯದ ಬಗೆಗೆ ವಾರ್ಷಿಕ ಸಂಚಿಕೆಯಲ್ಲಿ ಬರೆಯುವಂತಹದೇನಿದೆ ಎಂದು ಕೇಳುವವರಿರಬಹುದು. ಇದೆಯೆಂದೇ ನಮ್ಮ ಅಭಿಪ್ರಾಯ. ಹಿಟ್ಟಿನ ಮೇಲೆ ಎಳೆಯ ಕೈಯೊಂದೇ ಮೂಡಿದರೆ ಸಾಲದು. ಆ ಎಳೆಯ ಕೈಯನ್ನು ಸಾಕುತ್ತಿರುವ ಕೈಯೂ ಅದರ ಪಕ್ಕದಲ್ಲಿ ಮೂಡಬೇಕು. ತಾಯಿಯದಾಗಲಿ, ತಂದೆಯದಾಗಲಿ, ಅಜ್ಜಿಯದಾಗಲಿ, ಊರಿನಿಂದ ಕರೆತಂದು ಶಾಲೆಗೆ ಸೇರಿಸಿದ ಸೋದರಮಾವನದಾಗಲಿ, ಯಾರದಾದರೂ ಸರಿ. ಅಂಗಡಿಯ ಪೆಟ್ಟಿಗೆಯಲ್ಲಿ ಆ ಎರಡನೆಯ ಕೈಗೆ ಎಡೆಯಿಲ್ಲ. ಚೌಕಟ್ಟು ಅಷ್ಟು ಕಿರಿದು. ಮನೆಯಲ್ಲಿ ನಾದಿದ ಹಿಟ್ಟಿಗಾದರೋ ಅಂತಹ ಕಟ್ಟಿಲ್ಲ. ಬೇಕಾದಷ್ಟು ಅಗಲಕ್ಕೆ ಲಟ್ಟಿಸಿಕೊಳ್ಳಬಹುದು.

ಮೊದಲು ಕೆಲಸದ ಕ್ರಮವನ್ನು ಹೇಳಿಬಿಡುವುದು ಒಳ್ಳೆಯದು. ಎರಡು ಬಟ್ಟಲು ಗೋಧಿಹಿಟ್ಟು, ಒಂದು ಬಟ್ಟಲು ಪುಡಿಯುಪ್ಪು, ಒಂದು ಬಟ್ಟಲಿಗೆ ತುಸು ಕಡಿಮೆ ನೀರು. ಹಿಟ್ಟನ್ನೂ ಉಪ್ಪನ್ನೂ ಒಣಗಿದ್ದಾಗಲೇ ಬೆರೆಸಿ, ನೀರನ್ನು ಸ್ವಲ್ಪ ಸ್ವಲ್ಪವಾಗಿ ಹಾಕುತ್ತ, ಹತ್ತು ನಿಮಿಷವಾದರೂ ಬಿಡದೆ ನಾದಬೇಕು. ಚಪಾತಿಯ ಕಣಕಕ್ಕಿಂತ ಇದು ಗಟ್ಟಿಯಾಗಿರಬೇಕು. ಬೆರಳಿಗೆ ಅಂಟಿದರೆ ನೀರು ಹೆಚ್ಚಾಯಿತೆಂದು ತಿಳಿಯಬೇಕು. ಮೈದಾಹಿಟ್ಟಿನಲ್ಲಿ ತವುಡಿನ ಅಂಶವಿಲ್ಲದ್ದರಿಂದ ಅಚ್ಚು ನುಣುಪಾಗಿ ಬರುತ್ತದೆ. ಗಿರಣಿಯ ಗೋಧಿಹಿಟ್ಟಿನಲ್ಲಿ ಸ್ವಲ್ಪ ಒರಟಾಗಿ, ಕಂದುಬಣ್ಣವಾಗಿ ಬರುತ್ತದೆ. ನಮಗೆ ಎರಡನೆಯದೇ ಹೆಚ್ಚು ಮೆಚ್ಚುಗೆ. ಅದರ ಬಣ್ಣ ಕೈಯ ಬಣ್ಣಕ್ಕೆ ಹತ್ತಿರ.

ಕಲಬುರಗಿ ವಿಜಯಪುರಗಳ ಕಡೆಯಿಂದ ಬಂದ ಮಕ್ಕಳು, ನಮ್ಮ ಮನೆಯಲ್ಲಿ ಇರುವುದು ಜೋಳದ ಹಿಟ್ಟು, ಅದರಿಂದ ಆಗದೇ ಎಂದು ಕೇಳುತ್ತಾರೆ. ಆಗುವುದಿಲ್ಲ, ಕಾರಣವನ್ನು ನಿಮ್ಮ ತಾಯಂದಿರು ನಮಗಿಂತ ಚೆನ್ನಾಗಿ ಬಲ್ಲರು. ಗೋಧಿಯಲ್ಲಿರುವ ಜಿಗುಟಿನ ಅಂಶ ಜೋಳದಲ್ಲಿಲ್ಲ. ಆದುದರಿಂದಲೇ ಜೋಳದ ಹಿಟ್ಟಿಗೆ ಕುದಿಯುವ ಎಸರು ಹೊಯ್ದು ನಾದುತ್ತಾರೆ, ಲಟ್ಟಣಿಗೆಯನ್ನು ಬಿಟ್ಟು ಅಂಗೈಯಿಂದ ಬಡಿಯುತ್ತಾರೆ. ಹಾಗೆ ನೋಡಿದರೆ ನಿಮ್ಮ ಮನೆಯ ಒಂದೊಂದು ರೊಟ್ಟಿಯೂ ಒಂದೊಂದು ಕೈಯಚ್ಚೇ ಆಗಿದೆ. ಬಡಿತದ ಮೇಲೆ ಬಡಿತ ಬಿದ್ದು ಯಾವ ಅಚ್ಚೂ ಉಳಿಯದ ಕೈಯಚ್ಚು.

ಉಪ್ಪಿನ ಕೆಲಸವೇನೆಂಬುದನ್ನೂ ತಿಳಿದಿರಬೇಕು. ಬರಿಯ ಹಿಟ್ಟಿನ ಬಿಲ್ಲೆ ಒಣಗುವ ಮೊದಲೇ ಬೂಷ್ಟು ಹಿಡಿಯುತ್ತದೆ, ಹುಳು ಬೀಳುತ್ತದೆ. ಉಪ್ಪು ನೀರಿನ ಅಂಶವನ್ನು ತನ್ನತ್ತ ಸೆಳೆದುಕೊಂಡು ಬೂಷ್ಟಿಗೆ ಬದುಕಲು ಅವಕಾಶವನ್ನೇ ಕೊಡುವುದಿಲ್ಲ. ಉಪ್ಪಿನಕಾಯಿ ವರ್ಷವಿಡೀ ಕೆಡದೆ ನಿಲ್ಲುವುದೂ ಇದೇ ನ್ಯಾಯದಿಂದ. ಬಟ್ಟಲಿನ ಅಳತೆಯಲ್ಲಿ ಉಪ್ಪು ಹಿಟ್ಟಿನ ಅರ್ಧದಷ್ಟಾದರೂ ತೂಕದಲ್ಲಿ ಅದು ಹೆಚ್ಚುಕಡಿಮೆ ಹಿಟ್ಟಿಗೆ ಸಮನಾಗಿರುತ್ತದೆ. ಆದಕಾರಣ ಈ ಹಿಟ್ಟನ್ನು ಬಾಯಿಗೆ ಹಾಕತಕ್ಕದ್ದಲ್ಲ. ನೋಡುವುದಕ್ಕೆ ಚಪಾತಿಯ ಉಂಡೆಯಂತೆಯೇ ಕಾಣುವುದರಿಂದ ಚಿಕ್ಕ ತಮ್ಮತಂಗಿಯರು ತಿನ್ನಲು ಹೊರಡುವುದುಂಟು; ಅಷ್ಟು ಉಪ್ಪು ಎಳೆಯ ಮಕ್ಕಳ ರಕ್ತಕ್ಕೆ ಸೇರಿದರೆ ಪ್ರಾಣಕ್ಕೇ ಅಪಾಯ. ಚಾಳಿನ ನಾಯಿಗೂ ಹಾಕಕೂಡದು. ಅಂಗಡಿಯ ಪ್ಲಾಸ್ಟರಿಗಾದರೋ ಬೇರೊಂದು ದೋಷವಿದೆ. ನೀರು ಬೆರೆತು ಗಟ್ಟಿಯಾಗುವಾಗ ಅದು ಬಿಸಿಯೇರುತ್ತದೆ. ಅದರೊಳಗೆ ಕೈಯನ್ನು ಹುದುಗಿಸಿ ಕುಳಿತರೆ ಚರ್ಮ ಸುಡುವಷ್ಟು ಬಿಸಿಯಾಗಬಲ್ಲದು.

ನಾದಿದ ಹಿಟ್ಟನ್ನು ಒಂದು ಸೆಂಟಿಮೀಟರು ದಪ್ಪಕ್ಕೆ ಲಟ್ಟಿಸಬೇಕು. ಎರಡು ಕೈಗಳು ಅಕ್ಕಪಕ್ಕದಲ್ಲಿ ಕೂರಬೇಕಾದರೆ ಒಂದು ಗೇಣಿನಷ್ಟು ಅಗಲ ಬೇಕು. ಕೈಯನ್ನು ಅಳೆಯಲು ಕೈಯದೇ ಅಳತೆ! ಗೇಣು, ಮೊಳ, ಹಿಡಿ, ಬೊಗಸೆ, ಚಿಟಿಕೆ ಎಂದು ನಮ್ಮ ಹಿರಿಯರು ಲೋಕವನ್ನೆಲ್ಲ ಕೈಯಿಂದಲೇ ಅಳೆದವರಲ್ಲವೇ? ಅಂಗೈಗೆ ತೆಳ್ಳಗೆ ಒಣಹಿಟ್ಟನ್ನು ಸವರಿಕೊಂಡು, ಮೊದಲು ಮಣಿಕಟ್ಟಿನ ಕಡೆಯನ್ನು ಒತ್ತಬೇಕು. ಅನಂತರ ಅಂಗೈಯ ನಡುಭಾಗವನ್ನು. ಕೊನೆಗೆ ಬೆರಳುಗಳನ್ನು ಒಂದೊಂದಾಗಿ. ದಪ್ಪದ ಅರ್ಧದಷ್ಟು ಆಳಕ್ಕೆ ಇಳಿದರೆ ಸಾಕು. ಎತ್ತುವಾಗ ನೇರವಾಗಿ ಮೇಲಕ್ಕೆತ್ತಬೇಕು. ಎಳೆದರೆ ಬೆರಳು ಉದ್ದವಾಗುತ್ತದೆ. ಮನೆಯಲ್ಲಿ ಹಸುಗೂಸಿದ್ದರೆ ಅದರ ಅಂಗೈಯನ್ನು ಮುಟ್ಟಿದೊಡನೆ ಅದು ಮುಷ್ಟಿ ಕಟ್ಟುತ್ತದೆ; ಹುಟ್ಟಿದ ಮೊದಲ ನಾಲ್ಕಾರು ತಿಂಗಳು ಶಿಶುಗಳ ಸ್ವಭಾವವೇ ಅದು. ಬಲವಂತದಿಂದ ಬಿಡಿಸಬಾರದು. ಮುಂಗೈಯ ಹಿಂಬದಿಯನ್ನು ಮೆಲ್ಲಗೆ ಸವರಿದರೆ ಬೆರಳುಗಳು ತಾವಾಗಿಯೇ ಬಿಚ್ಚಿಕೊಳ್ಳುತ್ತವೆ.

ಯಾವ ಕೈಯನ್ನು ಒತ್ತಬೇಕೆಂಬ ಪ್ರಶ್ನೆ ಪ್ರತಿಸಲವೂ ಏಳುತ್ತದೆ. ಬಲಗೈಯೇ ಆಗಬೇಕೆಂದು ಹಿರಿಯರು ಹೇಳುತ್ತಾರೆ. ದುಡಿಯುವ ಕೈ ಯಾವುದೋ ಅದಾಗಲಿ ಎನ್ನುತ್ತೇವೆ ನಾವು. ನಮ್ಮ ಶಾಲೆಯಲ್ಲಿ ಎಡಗೈಯಲ್ಲಿ ಬರೆಯುವ ಮಕ್ಕಳಿದ್ದಾರೆ, ದುಂಡಾಗಿಯೇ ಬರೆಯುತ್ತಾರೆ. ಅವರ ಎಡಗೈಯೇ ಮೂಡತಕ್ಕದ್ದು.

ಇನ್ನು ಒಣಗಿಸುವ ಮಾತು. ಒಲೆಯ ಪೆಟ್ಟಿಗೆಯುಳ್ಳವರು ನೂರು ಡಿಗ್ರಿಯ ಆಸುಪಾಸಿನ ಮಂದಶಾಖದಲ್ಲಿ ಎರಡು ಮೂರು ಗಂಟೆ ಇಟ್ಟು ತೆಗೆಯುತ್ತಾರೆ. ಶಾಖ ಹೆಚ್ಚಾದರೆ ಬಿಲ್ಲೆ ಉಬ್ಬಿ ಅಚ್ಚು ಕೆಡುತ್ತದೆ. ನಮ್ಮ ಮಕ್ಕಳ ಮನೆಗಳಲ್ಲಿ ಅದೆಲ್ಲಿಯದು! ಸಂಡಿಗೆಯನ್ನೂ ಹಪ್ಪಳವನ್ನೂ ಒಣಗಿಸಿ ಬಲ್ಲ ಜನಕ್ಕೆ ಅದರ ಅಗತ್ಯವೂ ಇಲ್ಲ. ತೆಳುಬಟ್ಟೆ ಮುಚ್ಚಿ, ಕಾಗೆಯ ಕಣ್ಣಿಗೆ ಬೀಳದಂತೆ, ಮಾಳಿಗೆಯ ಮೇಲೋ ಕಿಟಕಿಯ ಹೊರಚಾಚಿನಲ್ಲೋ ನಾಲ್ಕೈದು ದಿನ ಇಟ್ಟರಾಯಿತು. ಮೊದಲ ದಿನ ನೆರಳೇ ಮೇಲು. ಒಮ್ಮೆಲೇ ಕಡುಬಿಸಿಲು ತಾಕಿದರೆ ಮೇಲ್ಮೈ ಮುಂಚಿತವಾಗಿ ಒಣಗಿ ಒಳಗಿನ ಹಸಿ ಹಾಗೆಯೇ ಉಳಿದು, ಬಿಲ್ಲೆ ಬಿರುಕುಬಿಡುತ್ತದೆ. ದಿನಕ್ಕೊಮ್ಮೆ ಮಗುಚಿ ಹಾಕಬೇಕು. ಇಲ್ಲವಾದರೆ ಅಂಚುಗಳು ಮೇಲಕ್ಕೆ ಮುದುರಿಕೊಳ್ಳುತ್ತವೆ.

ಮುಂಬಯಿಯಲ್ಲಿ ಈ ಕೆಲಸಕ್ಕೆ ಒಂದು ದೊಡ್ಡ ಶತ್ರುವಿದೆ, ಅದು ಮಳೆಗಾಲ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡಾ 75ನ್ನು ದಾಟಿದೊಡನೆ ಉಪ್ಪು ಗಾಳಿಯಿಂದಲೇ ನೀರನ್ನು ಹೀರಿ ಕರಗತೊಡಗುತ್ತದೆ. ಜೂನ್ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ನಿಮ್ಮ ಮನೆಯ ಉಪ್ಪಿನ ಜಾಡಿ ಬೆವರುವುದನ್ನು ಕಂಡಿದ್ದೀರಲ್ಲ, ಅದೇ ಗತಿ ಈ ಬಿಲ್ಲೆಗೂ ಒದಗುತ್ತದೆ. ಬೇಸಗೆಯಲ್ಲಿ ಕಲ್ಲಿನಂತಿದ್ದದ್ದು ಆಷಾಢದಲ್ಲಿ ಬೆರಳಿಗೆ ಮೆತ್ತಗಾಗುತ್ತದೆ. ಬೇರೆ ದೇಶಗಳ ಬರಹಗಳನ್ನು ಓದಿ ಮಾಡುವವರಿಗೆ ಇದು ತಿಳಿದಿರುವುದಿಲ್ಲ; ಆಗಸ್ಟಿನಲ್ಲಿ ಮಾಡಲು ಕುಳಿತು, ಹಿಟ್ಟು ಸರಿಯಿಲ್ಲವೆಂದು ದೂರುತ್ತಾರೆ. ನಾವು ಡಿಸೆಂಬರ್ ಜನವರಿಗಳಲ್ಲಿ ಮಾಡಬೇಕು. ಚೆನ್ನಾಗಿ ಒಣಗಿದ ಮೇಲೆ ಮುಂದೆ, ಹಿಂದೆ, ಅಂಚುಗಳಿಗೆ, ಹೀಗೆ ಎಲ್ಲೆಡೆಯೂ ಎರಡು ಸಲ ವಾರ್ನಿಶು ಬಳಿಯಬೇಕು. ಒಂದು ಸೂಜಿಮೊನೆಯಷ್ಟು ಜಾಗ ಬಿಟ್ಟರೂ ಮಳೆಗಾಲ ಅಲ್ಲಿಂದಲೇ ಒಳಹೊಗುತ್ತದೆ. ಬಣ್ಣ ಬೇಕೆನಿಸಿದವರು ವಾರ್ನಿಶಿಗೆ ಮೊದಲು ಹಚ್ಚಬಹುದು. ಅರಿಸಿನ ಮಾತ್ರ ಬೇಡ. ಬೆಳಕಿಗೆ ಅದು ಬಣ್ಣಗೆಡುತ್ತದೆ.

ಇದಿಷ್ಟು ಕ್ರಮ. ಈಗ ಆಕ್ಷೇಪವೊಂದನ್ನು ಎದುರಿಸಬೇಕಾಗಿದೆ. ಇದನ್ನು ನಾವು ಲಘುವಾಗಿ ಎಣಿಸಲಾರೆವು. ತಿನ್ನುವ ಹಿಟ್ಟನ್ನು ಆಟಕ್ಕೆ ಬಳಸಬಹುದೇ? ಅನ್ನವನ್ನು ದೇವರೆನ್ನುವ ಮನೆಗಳಿಂದ ಬಂದವರು ನಾವು. ಉಪ್ಪನ್ನು ಚೆಲ್ಲಿದರೂ ಅಜ್ಜಿಯರು ಗದರಿಕೊಳ್ಳುತ್ತಾರೆ. ಎರಡು ಕೈಗಳ ಒಂದು ಬಿಲ್ಲೆಗೆ ಸುಮಾರು ಇನ್ನೂರು ಗ್ರಾಮು ಹಿಟ್ಟು ಹಿಡಿಯುತ್ತದೆ. ಇಪ್ಪತ್ತು ಮಕ್ಕಳ ತರಗತಿಗೆ ನಾಲ್ಕು ಕಿಲೋ. ಎಂದರೆ ಹತ್ತಿರ ಹತ್ತಿರ ನೂರೈವತ್ತು ಚಪಾತಿ. ಇದನ್ನು ಕೇಳಿ ಒಬ್ಬ ವಿದ್ಯಾರ್ಥಿಯ ಅಜ್ಜಿ, “ಅಷ್ಟು ಹಿಟ್ಟಿನೊಳಗ ಒಂದು ಮದವಿ ಊಟದ ಪಂಕ್ತಿ ಏಳತದಲ್ರೀ” ಎಂದದ್ದು ನಮಗೆ ಇಂದಿಗೂ ಕೇಳಿಸುತ್ತಿದೆ.

ಈ ಆಕ್ಷೇಪಕ್ಕೆ ಸುಲಭವಾದ ಉತ್ತರಗಳುಂಟು. ಪುಸ್ತಕಕ್ಕೆ ರಟ್ಟು ಹಾಕಲು ಮೈದಾಹಿಟ್ಟಿನ ಅಂಟನ್ನು ಕುದಿಸುತ್ತೇವೆ, ಗೋಡೆಗೆ ಜಾಹೀರಾತು ಅಂಟಿಸುವವರೂ ಅದನ್ನೇ ಬಳಸುತ್ತಾರೆ, ಅದನ್ನು ಯಾರೂ ಪಾಪವೆನ್ನುವುದಿಲ್ಲ ಎಂದು ವಾದಿಸಬಹುದು. ಬಾಗಿಲಲ್ಲಿ ಅಕ್ಕಿಹಿಟ್ಟಿನ ರಂಗವಲ್ಲಿ ಹಾಕುವುದಿಲ್ಲವೇ, ಹಿಟ್ಟಿನ ಹಣತೆ ಮಾಡಿ ಆರತಿ ಬೆಳಗುವುದಿಲ್ಲವೇ ಎಂದೂ ಕೇಳಬಹುದು. ಆದರೆ ನಮಗೆ ಈ ವಾದ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ರಂಗವಲ್ಲಿಯ ಹಿಟ್ಟು ಇರುವೆಗೆ ಸಲ್ಲುತ್ತದೆ. ತಂಬಿಟ್ಟಿನ ದೀಪ ಆರಿದ ಮೇಲೆ ಪ್ರಸಾದವಾಗುತ್ತದೆ. ನಮ್ಮ ಹಿರಿಯರು ಹಿಟ್ಟನ್ನು ಯಾವುದಕ್ಕೆ ಬಳಸಿದರೂ ಕೊನೆಗೆ ಒಂದು ಬಾಯಿಯನ್ನು ಅದಕ್ಕೆ ಗೊತ್ತುಮಾಡಿಯೇ ಇರುತ್ತಿದ್ದರು. ಈ ಉಪ್ಪುಹಿಟ್ಟಿಗೆ ಯಾವ ಬಾಯಿಯೂ ಇಲ್ಲ, ಕಾಗೆಗೂ ಇಲ್ಲ. ಈ ಭೇದವನ್ನು ಮರೆಮಾಡುವುದು ಸರಿಯಲ್ಲ.

ಆದುದರಿಂದ ನಾವು ಕೆಲವು ಕಟ್ಟಳೆಗಳನ್ನು ಮಾಡಿಕೊಳ್ಳಬೇಕು. ಒಬ್ಬ ವಿದ್ಯಾರ್ಥಿ ಶಾಲೆಯಲ್ಲಿರುವಷ್ಟು ಕಾಲದಲ್ಲಿ ಒಂದೇ ಸಲ. ಮನೆಗೆ ಒಂದೇ ಬಿಲ್ಲೆ. ಶಾಲೆಯ ಮಧ್ಯಾಹ್ನದ ಊಟದ ಸಾಮಾನಿನಿಂದ ಒಂದು ಹಿಡಿಯನ್ನೂ ಮುಟ್ಟತಕ್ಕದ್ದಲ್ಲ. ಮನೆಯಿಂದ ಹಿಟ್ಟು ತನ್ನಿರೆಂದು ಮಕ್ಕಳಿಗೆ ಹೇಳಕೂಡದು. ಹೇಳಿದರೆ ಎಲ್ಲರೂ ತರುತ್ತಾರೆ, ಇಲ್ಲದವರೂ ತರುತ್ತಾರೆ. ಯಾವ ಮನೆಯಲ್ಲಿ ಆ ರಾತ್ರಿ ಏನು ಕಡಿಮೆಯಾಯಿತೆಂಬುದು ನಮಗೆ ಗೊತ್ತಾಗುವುದಿಲ್ಲ. ಹುಳು ಬಿದ್ದು ಊಟಕ್ಕೆ ಬಾರದಂತಾದ ಹಿಟ್ಟು ಅಂಗಡಿಗಳಲ್ಲಿ ಇದ್ದೇ ಇರುತ್ತದೆ. ಹಿಟ್ಟಿನ ಗಿರಣಿಯಲ್ಲಿ ಬೀಸುಕಲ್ಲಿನ ಸುತ್ತ ನೆಲಕ್ಕೆ ಬಿದ್ದು ಗುಡಿಸಿಹೋಗುವ ಹಿಟ್ಟೂ ಇರುತ್ತದೆ. ಜರಡಿ ಹಿಡಿದರೆ ಇವು ನಮ್ಮ ಕೆಲಸಕ್ಕೆ ಧಾರಾಳವಾಗಿ ಸಾಕು. ಕೇಳಲು ಸಂಕೋಚಪಡಬೇಕಾದವರು ಶಿಕ್ಷಕರು, ಮಕ್ಕಳಲ್ಲ. ಇಷ್ಟು ಮಾಡಲು ಮನಸ್ಸಿಲ್ಲದ ಶಾಲೆ ಈ ಕೆಲಸವನ್ನು ಕೈಬಿಡುವುದೇ ಲೇಸು.

ಇಷ್ಟೆಲ್ಲ ಕಷ್ಟಪಟ್ಟು ಮಾಡತಕ್ಕ ವಸ್ತುವಿನಲ್ಲಿ ಮುದ್ದಾದ ಪುಟ್ಟ ಕೈಯೊಂದನ್ನು ಮಾತ್ರ ಉಳಿಸಿಕೊಳ್ಳುವುದು ನಮಗೆ ಅರ್ಧ ಕೆಲಸವಾಗಿ ತೋರುತ್ತದೆ. ಕೈಯ ಗುರುತನ್ನು ಬಿಟ್ಟುಹೋಗುವ ಆಸೆ ಮನುಷ್ಯನಿಗೆ ಇಂದು ನಿನ್ನೆಯದಲ್ಲ. ಇಂಡೋನೇಷ್ಯದ ಸುಲವೇಸಿ ದ್ವೀಪದ ಗುಹೆಯೊಂದರ ಗೋಡೆಯ ಮೇಲೆ ಬಣ್ಣವನ್ನು ಊದಿ ಮೂಡಿಸಿದ ಕೈಗುರುತೊಂದು ಕನಿಷ್ಠ 39,900 ವರ್ಷಗಳಷ್ಟು ಹಳೆಯದೆಂದು ವಿಜ್ಞಾನಿಗಳು 2014ರಲ್ಲಿ ಪ್ರಕಟಿಸಿದರು. ಫ್ರಾನ್ಸ್ ದೇಶದ ಗಾರ್ಗಾ ಎಂಬ ಗುಹೆಯಲ್ಲಿ ದೊಡ್ಡವರ ಕೈಗುರುತುಗಳ ನಡುವೆ ಎಳೆಯ ಮಕ್ಕಳ ಕೈಗುರುತುಗಳೂ ಇವೆ. ಕತ್ತಲ ಗುಹೆಯೊಳಗೆ ಎಳೆಮಗು ತಾನಾಗಿ ನಡೆದುಹೋಗಿ ಬಂಡೆಗೆ ಕೈಯಿಟ್ಟು ನಿಂತಿರಲಾರದು. ಯಾರೋ ಎತ್ತಿಕೊಂಡು ಹೋಗಿರಬೇಕು, ಯಾರೋ ದೀಪ ಹಿಡಿದಿರಬೇಕು. ಅಲ್ಲಿಯೂ ಎರಡು ಕೈಗಳ ಕೆಲಸವಿದೆ.

ನಮ್ಮ ಕಡೆಯ ರೂಢಿಗಳನ್ನೇ ನೋಡಿ. ಕೃಷ್ಣಾಷ್ಟಮಿಯ ದಿನ ಬಾಗಿಲಿನಿಂದ ದೇವರ ಮನೆಯವರೆಗೆ ಪುಟ್ಟ ಪುಟ್ಟ ಹೆಜ್ಜೆಗಳನ್ನು ಮೂಡಿಸುತ್ತಾರಲ್ಲ, ಅವು ಪಾದದ ಗುರುತುಗಳಲ್ಲ. ತಾಯಿ ಮುಷ್ಟಿ ಕಟ್ಟಿ, ಅದರ ಬದಿಯನ್ನು ಅಕ್ಕಿಹಿಟ್ಟಿನ ನೀರಿನಲ್ಲದ್ದಿ ನೆಲಕ್ಕೊತ್ತುತ್ತಾಳೆ. ಬೆರಳ ತುದಿಯಿಂದ ಐದು ಚುಕ್ಕಿ ಇಡುತ್ತಾಳೆ. ಮಗುವಿನ ಹೆಜ್ಜೆಯೆಂದು ನಾವು ಕಾಣುವುದು ತಾಯಿಯ ಕೈಯನ್ನೇ. ಆದರೆ ಅದು ತನ್ನ ಕೈಯೆಂದು ಆಕೆ ಎಲ್ಲಿಯೂ ಹೇಳಿಕೊಳ್ಳುವುದಿಲ್ಲ.

ಹೆಣ್ಣಿನ ಕೈಯನ್ನು ಕಲ್ಲಿನಲ್ಲಿ ಕಡೆದಿಟ್ಟ ಉದಾಹರಣೆಯೂ ಕನ್ನಡ ನಾಡಿನಲ್ಲಿದೆ. ಹಳ್ಳಿಗಳ ಹೊರವಲಯದಲ್ಲಿ ಮಾಸ್ತಿಕಲ್ಲುಗಳನ್ನು ನಿಮ್ಮಲ್ಲಿ ಕೆಲವರು ಊರಿಗೆ ಹೋದಾಗ ನೋಡಿರಬಹುದು: ಕಂಬದಿಂದ ಹೊರಚಾಚಿ ಮೇಲಕ್ಕೆತ್ತಿದ, ಬಳೆ ತೊಟ್ಟ ಒಂಟಿ ತೋಳು. ಗಂಡನ ಚಿತೆಯೇರಿದವಳ ಗುರುತು ಅದು. ರೊಟ್ಟಿ ಬಡಿದಾಗ, ಕಳೆ ಕಿತ್ತಾಗ, ತೊಟ್ಟಿಲು ತೂಗಿದಾಗ ಯಾರೂ ಕಡೆದಿಡದ ಆ ಕೈಯನ್ನು ಸತ್ತ ಮೇಲೆ ಕಲ್ಲಿಗೇರಿಸಿದರು. ಆ ಕಲ್ಲುಗಳ ಮುಂದೆ ನಿಂತಾಗ ನಮಗೆ ಭಕ್ತಿಗಿಂತ ದುಃಖವೇ ಹೆಚ್ಚಾಗಿ ಉಂಟಾಗುತ್ತದೆ.

ಈಗ ನಿಮಗೆ ಹೇಳಲೇಬೇಕೆಂದಿದ್ದ ಮಾತಿಗೆ ಬರುತ್ತೇವೆ. ನಮ್ಮ ಶಾಲೆಯ ದಾಖಲೆ ಪುಸ್ತಕದಲ್ಲಿ ಪಾಲಕರ ಸಹಿಯ ಜಾಗದಲ್ಲಿ ಅನೇಕ ಕಡೆ ನೀಲಿಯ ಹೆಬ್ಬೆಟ್ಟಿನ ಗುರುತುಗಳಿವೆ. ಅದನ್ನು ಕಂಡು ತಲೆತಗ್ಗಿಸುವ ವಿದ್ಯಾರ್ಥಿಗಳನ್ನು ನಾವು ಬಲ್ಲೆವು. ಪ್ರಗತಿಪತ್ರಕ್ಕೆ ತಾಯಿಯ ಹೆಬ್ಬೆಟ್ಟು ಒತ್ತಿಸಿ ತರುವ ಬದಲು ನೆರೆಮನೆಯ ಅಣ್ಣನಿಂದ ಸಹಿ ಮಾಡಿಸಿ ತರುವವರನ್ನೂ ಬಲ್ಲೆವು. ‘ಹೆಬ್ಬೆಟ್ಟು’ ಎಂಬುದು ನಮ್ಮ ಮಾತಿನಲ್ಲಿ ಬೈಗುಳವಾಗಿಬಿಟ್ಟಿದೆ. ಸಹಿಗೆ ನಾವು ಗೌರವದಿಂದ ಹಸ್ತಾಕ್ಷರ ಎನ್ನುತ್ತೇವೆ. ಅಕ್ಷರವಿಲ್ಲದೆ ಹಸ್ತವೊಂದೇ ಬಂದು ನಿಂತರೆ ಅದನ್ನು ಹೀಗಳೆಯುತ್ತೇವೆ.

ಈ ಗುರುತಿನ ಚರಿತ್ರೆಯನ್ನು ಸ್ವಲ್ಪ ಕೇಳಿ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಆಂಗ್ಲ ಅಧಿಕಾರಿ ರಸ್ತೆಗೆ ಬೇಕಾದ ಸಾಮಗ್ರಿಯನ್ನು ಒದಗಿಸುವ ಗುತ್ತಿಗೆಯನ್ನು ರಾಜ್ಯಧರ ಕೊನಾಯಿ ಎಂಬಾತನಿಗೆ ಕೊಟ್ಟನು. ಮುಂದೆ ಆತ ತನ್ನ ಸಹಿಯನ್ನೇ ಅಲ್ಲಗಳೆಯದಿರಲೆಂದು ಆತನ ಅಂಗೈಗೂ ಬೆರಳುಗಳಿಗೂ ಮಸಿ ಹಚ್ಚಿಸಿ ಕರಾರುಪತ್ರದ ಹಿಂಬದಿಯಲ್ಲಿ ಒತ್ತಿಸಿಕೊಂಡನು. ಬೆರಳಚ್ಚಿನ ವಿದ್ಯೆಯ ಆರಂಭವನ್ನು ಹೇಳುವವರು ಈ ಪ್ರಸಂಗವನ್ನು ತಪ್ಪದೆ ಹೇಳುತ್ತಾರೆ. ಮುಂದೆ 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚಿನ ಕಚೇರಿಯೇ ತೆರೆಯಿತು. ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಎಂಬ ನಮ್ಮ ದೇಶದವರಿಬ್ಬರು ಆ ವಿದ್ಯೆಯ ವರ್ಗೀಕರಣಕ್ಕಾಗಿ ದುಡಿದರು. ನಾವು ಇಲ್ಲಿ ನೆನೆಯಬೇಕಾದ ಸಂಗತಿಯೆಂದರೆ, ಕೊನಾಯಿಗೆ ಬರೆಯಲು ಬರುತ್ತಿತ್ತು. ಆ ಕರಾರುಪತ್ರವನ್ನು ಬರೆದವನು ಆತನೇ. ಅಕ್ಷರ ಬಲ್ಲವನ ಅಕ್ಷರದ ಮೇಲೆ ನಂಬಿಕೆ ಸಾಲದೆ ಆತನ ಕೈಯನ್ನು ಕೇಳಿದ್ದರು. ಹೀಗಿರುವಾಗ ಹೆಬ್ಬೆಟ್ಟಿನ ಗುರುತಿಗೆ ನಾಚುವ ಕಾರಣವೇನು?

ಬೆರಳಿನ ಗೆರೆಗಳು ತಾಯಿಯ ಗರ್ಭದಲ್ಲಿ ಆರನೆಯ ತಿಂಗಳ ಹೊತ್ತಿಗೇ ರೂಪುಗೊಂಡಿರುತ್ತವೆ. ಬದುಕಿರುವಷ್ಟು ಕಾಲವೂ ಅವುಗಳ ವಿನ್ಯಾಸ ಬದಲಾಗುವುದಿಲ್ಲ. ಆದರೆ ದುಡಿತ ಅವನ್ನು ಸವೆಸಬಲ್ಲದು. ಸಿಮೆಂಟು ಕಲಸುವವರ, ಇಟ್ಟಿಗೆ ಹೊರುವವರ, ಪಾತ್ರೆ ಬೆಳಗುವವರ ಬೆರಳಿನ ಗೆರೆಗಳು ಕಾಣದಷ್ಟು ತೆಳುವಾಗುತ್ತವೆ. 2010ರಲ್ಲಿ ಆಧಾರ್ ಸಂಖ್ಯೆ ನೀಡುವ ಕೆಲಸ ಆರಂಭವಾದ ಮೇಲೆ ಹಲವು ಕಡೆಗಳಲ್ಲಿ ಪಡಿತರಕ್ಕೂ ಬೆರಳನ್ನು ಯಂತ್ರದ ಮೇಲಿಡಬೇಕಾಯಿತು. ಸವೆದ ಬೆರಳನ್ನು ಯಂತ್ರ ಗುರುತಿಸದೆ ಬರಿಗೈಯಲ್ಲಿ ಹಿಂದಿರುಗಿದವರ ಸುದ್ದಿಗಳು ಪತ್ರಿಕೆಗಳಲ್ಲಿ ಬಂದವು. ನಿಮ್ಮ ಮನೆಗಳಿಗೂ ಇದು ಹೊಸ ಮಾತಲ್ಲ. ಈ ನಗರದ ಗಗನಚುಂಬಿಗಳನ್ನು ಎತ್ತಿದ ಕೈ ಈ ನಗರದ ಯಂತ್ರಕ್ಕೆ ಅಪರಿಚಿತವಾಗುವುದುಂಟು.

ಹಿಟ್ಟು ಯಂತ್ರದಂತಲ್ಲ, ಸವೆದ ಗೆರೆಯನ್ನು ಹುಡುಕಿ ಸೋಲುವುದಿಲ್ಲ. ಕೈಯ ಜಡ್ಡು, ಒಡಕು, ಹಳೆಯ ಗಾಯದ ತಗ್ಗು, ಕೀಲು ಸೊಟ್ಟಗಾದ ಬೆರಳು, ಇವೆಲ್ಲವನ್ನೂ ಅದು ಹಾಗೆಯೇ ಹಿಡಿಯುತ್ತದೆ. ಕಳೆದ ವರ್ಷ ನಾವು ಪಾಲಕರನ್ನೂ ಕರೆದು ಈ ಕೆಲಸ ಮಾಡಿಸಿದಾಗ ಐದನೆಯ ಇಯತ್ತೆಯ ಹುಡುಗಿಯೊಬ್ಬಳ ತಾಯಿ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಬಾಗಿಲಲ್ಲೇ ನಿಂತಿದ್ದರು. ಕಟ್ಟಡದ ಕೆಲಸಕ್ಕೆ ಯಾದಗಿರಿಯ ಕಡೆಯಿಂದ ಬಂದವರು.

“ಬ್ಯಾಡ್ರೀ ಸರ, ಸಿಮಿಟು ತಿಂದ ಕೈ ಇದು. ಹಿಟ್ಟು ಕೆಟ್ಟೀತು. ಆಕೀದಷ್ಟ ತಗೋರಿ.”

“ಕೆಡೂದಿಲ್ಲವ್ವಾ, ಬರ್ರಿ,” ಎಂದೆವು.

ಮಗಳು ಮಾತಾಡಲಿಲ್ಲ. ತಾಯಿಯ ಮಣಿಕಟ್ಟನ್ನು ಹಿಡಿದು ಕರೆತಂದು, ನಾವು ಅವಳಿಗೆ ಕಲಿಸಿದ್ದಂತೆಯೇ ಮೊದಲು ಅಂಗೈಯ ಬುಡವನ್ನು ಒತ್ತಿ, ಅನಂತರ ಒಂದೊಂದೇ ಬೆರಳನ್ನು ಒತ್ತಿದಳು. ಕೈಯೆತ್ತಿದಾಗ ಹಿಟ್ಟಿನಲ್ಲಿ ಕಂಡದ್ದು ಬಿರುಕುಬಿಟ್ಟ ಹೊಲದಂತಹ ಅಂಗೈ. ಆ ತಾಯಿ ಬಹಳ ಹೊತ್ತು ಅದನ್ನೇ ನೋಡುತ್ತ ನಿಂತಿದ್ದು, “ನನ್ನ ಕೈ ಇಷ್ಟು ದೊಡ್ಡದೈತೇನ್ರೀ?” ಎಂದು ಕೇಳಿದರು.

ಅದೇ ದಿನ ಹೋಟೆಲಿನಲ್ಲಿ ಅಡಿಗೆಯ ಕೆಲಸ ಮಾಡುವ ಕುಂದಾಪುರದ ಕಡೆಯ ತಂದೆಯೊಬ್ಬರು ನಾವು ನಾದಿಟ್ಟ ಹಿಟ್ಟನ್ನು ಮುಟ್ಟಿ ನೋಡಿ, ಇದು ಸಾಲದು ಮಾಷ್ಟ್ರೇ ಎಂದು ನಗುತ್ತ, ಎರಡೇ ನಿಮಿಷದಲ್ಲಿ ಅದನ್ನು ಬೆಣ್ಣೆಯಂತೆ ಮಾಡಿಕೊಟ್ಟರು. ಅವರ ಮಗ ಅಂದಿನವರೆಗೆ ತಂದೆಯ ಉದ್ಯೋಗವನ್ನು ಗೆಳೆಯರಿಗೆ ಹೇಳಿರಲಿಲ್ಲ. ಈ ನಗರದ ಕನ್ನಡಿಗರಲ್ಲಿ ಎಷ್ಟೋ ಹಿರಿಯರು ಹುಡುಗರಾಗಿ ಬಂದು, ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿಯ ಕನ್ನಡ ಶಾಲೆಗಳಲ್ಲಿ ಓದಿದವರು. ಅವರ ಆ ವಯಸ್ಸಿನ ಕೈ ಹೇಗಿತ್ತೆಂಬುದಕ್ಕೆ ಯಾರ ಮನೆಯಲ್ಲಿಯೂ ಗುರುತಿಲ್ಲ. ಅವರನ್ನು ಬಸ್ಸು ಹತ್ತಿಸಿ ಕಣ್ಣೊರೆಸಿಕೊಂಡ ತಾಯಂದಿರ ಕೈಯ ಗುರುತಂತೂ ಇಲ್ಲವೇ ಇಲ್ಲ.

ಒಂದೆರಡು ಎಚ್ಚರಿಕೆಗಳನ್ನು ಇಲ್ಲಿಯೇ ಹೇಳುತ್ತೇವೆ. ಕೈಯಚ್ಚು ಕಂಡೊಡನೆ ಆಯುಷ್ಯರೇಖೆ, ಧನರೇಖೆ ಎಂದು ಓದತೊಡಗುವ ನೆಂಟರು ಎಲ್ಲ ಮನೆಗಳಲ್ಲಿಯೂ ಇರುತ್ತಾರೆ. ಅಂಗೈ ಮಡಿಚುವ ಜಾಗದಲ್ಲಿ ಚರ್ಮ ಮಡಿಕೆ ಬಿದ್ದಿರುತ್ತದೆ. ಆ ಗೆರೆಗಳ ಅರ್ಥ ಅಷ್ಟೇ. ಅಂತಹವರಿಗೆ ಬಿಲ್ಲೆಯನ್ನು ತೋರಿಸದಿರುವುದು ಕ್ಷೇಮ. ಇನ್ನೊಂದು ಎಚ್ಚರಿಕೆ ನಮ್ಮಂತಹ ಶಿಕ್ಷಕರಿಗೇ. ಪ್ರದರ್ಶನಕ್ಕೆ ಅಂದವಾಗಿ ಕಾಣಲೆಂದು ಮಕ್ಕಳ ಕೆಲಸವನ್ನು ತಿದ್ದುವ ಚಪಲ ಶಿಕ್ಷಕರಿಗೆ ಬಹಳ. ಸೊಟ್ಟ ಬೆರಳನ್ನು ನೇರಮಾಡುವುದು, ಅಂಚನ್ನು ಕತ್ತರಿಸುವುದು, ಚಿನ್ನದ ಬಣ್ಣ ಬಳಿಯುವುದು, ಇವೆಲ್ಲ ಬೇಡ. ಬಿಲ್ಲೆ ಹಸಿಯಿದ್ದಾಗಲೇ ಹಿಂಬದಿಯಲ್ಲಿ ಕಡ್ಡಿಯ ಮೊನೆಯಿಂದ ವಿದ್ಯಾರ್ಥಿ ತಾನೇ ಎರಡು ಹೆಸರುಗಳನ್ನೂ ಊರಿನ ಹೆಸರನ್ನೂ ವರ್ಷವನ್ನೂ ಕನ್ನಡ ಅಕ್ಷರಗಳಲ್ಲಿ ಬರೆಯಲಿ. ಒತ್ತಕ್ಷರ ಒಡೆದುಹೋದರೂ ಚಿಂತೆಯಿಲ್ಲ.

ಬಿಲ್ಲೆಗಳನ್ನು ಶಾಲೆಯ ಗೋಡೆಯ ಮೇಲೆ ಸಾಲಾಗಿ ಶಾಶ್ವತವಾಗಿ ಕೂರಿಸಬೇಕೆಂದು ನಮ್ಮ ಸಹೋದ್ಯೋಗಿಗಳಲ್ಲಿ ಕೆಲವರ ಮತ. ಅದಕ್ಕೆ ನಮ್ಮ ಸಮ್ಮತಿಯಿಲ್ಲ. ಕನ್ನಡ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಕುಗ್ಗುತ್ತಿರುವುದನ್ನು ನೀವೇ ನೋಡುತ್ತಿದ್ದೀರಿ. ಪಕ್ಕದ ಬೆಂಚು ಖಾಲಿಯಾದುದನ್ನು ನಿಮಗೆ ಬೇರೆ ಯಾರೂ ಹೇಳಬೇಕಾಗಿಲ್ಲ. ಗೋಡೆಯ ತುಂಬ ಹೋದವರ ಕೈಗಳನ್ನು ತೂಗುಹಾಕಿ ಅದರ ಕೆಳಗೆ ಇದ್ದವರನ್ನು ಕೂರಿಸಿ ಪಾಠ ಹೇಳಲು ನಮ್ಮಿಂದಾಗದು. ಕೈಗಳು ಯಾರವೋ ಅವರ ಮನೆಗೇ ಹೋಗಬೇಕು. ಕೆಲಸ ಮುಗಿದು ಒಂದು ಕಟ್ಟಡದಿಂದ ಇನ್ನೊಂದಕ್ಕೆ, ಈ ಊರಿನಿಂದ ಪುಣೆಗೆ, ಅಲ್ಲಿಂದ ಹಿಂದಕ್ಕೆ ಹಳ್ಳಿಗೆ, ಹೀಗೆ ಗಂಟುಮೂಟೆ ಕಟ್ಟುವ ಕುಟುಂಬಗಳಿಗೆ ಬಿಲ್ಲೆ ಒಡೆಯದಂತೆ ಒಯ್ಯುವುದೇ ಕಷ್ಟ, ನಿಜ. ಹಳೆಯ ಹತ್ತಿಬಟ್ಟೆಯಲ್ಲಿ ಸುತ್ತಿ ತಗಡಿನ ಬಿಸ್ಕತ್ತಿನ ಡಬ್ಬಿಯಲ್ಲಿಟ್ಟರೆ ಜಜ್ಜುಹೋಗುವುದಿಲ್ಲ. ಮಳೆಗಾಲದ ಗಾಳಿಯೂ ಅಷ್ಟಾಗಿ ತಾಕುವುದಿಲ್ಲ. ಒಡೆದರೂ ಎಸೆಯಬೇಡಿ. ಮರಕ್ಕೆ ಹಚ್ಚುವ ಬಿಳಿ ಅಂಟಿನಿಂದ ಕೂಡಿಸಬಹುದು.

ಬರುವ ಡಿಸೆಂಬರಿನ ಒಂದು ಭಾನುವಾರ ಏಳನೆಯ ಇಯತ್ತೆಯವರಿಗಾಗಿ ಈ ಕೆಲಸವನ್ನು ಇಟ್ಟುಕೊಳ್ಳಬೇಕೆಂದಿದ್ದೇವೆ. ಹೊತ್ತು ಮಧ್ಯಾಹ್ನ ಮೂರರಿಂದ ಐದು. ಹೋಟೆಲಿನವರಿಗೆ ಬಿಡುವಾಗುವುದು ಆಗಲೇ. ಹಿಟ್ಟು, ಉಪ್ಪು, ವಾರ್ನಿಶು ಇವುಗಳ ಹೊಣೆ ನಮ್ಮದು. ನೀವು ಏನನ್ನೂ ತರಬೇಕಾಗಿಲ್ಲ, ಒಬ್ಬರನ್ನು ಕರೆತಂದರೆ ಸಾಕು. ತಂದೆತಾಯಿಗಳು ಊರಿನಲ್ಲಿದ್ದು ಇಲ್ಲಿ ಚಿಕ್ಕಮ್ಮನ ಮನೆಯಲ್ಲಿ ಓದುತ್ತಿರುವವರು ಚಿಕ್ಕಮ್ಮನನ್ನೇ ಕರೆತನ್ನಿ. ಕೆಲಸದಿಂದ ನೇರವಾಗಿ ಬರುವವರಿದ್ದರೆ ಹಾಗೆಯೇ ಬರಲಿ. ಬಾಗಿಲ ಬಳಿ ಒಂದು ಕೊಡ ನೀರನ್ನೂ ಸಾಬೂನನ್ನೂ ಇಟ್ಟಿರುತ್ತೇವೆ.